ಬೆಂಚಿಗೆ ಕೂತ ಮಾಸ್ತರು

ನಮ್ಮೂರ ತರಬೇತಿ ಕೇಂದ್ರದಲ್ಲಿ ಬಡಗಿ ಕೆಲಸ ಕಲಿಸುತ್ತಿದ್ದವನು ಮೋನಪ್ಪ ಬಡಿಗೇರ ಒಬ್ಬನೇ. ಹದಿನೆಂಟು ವರ್ಷಗಳಲ್ಲಿ ಅವನ ಕೈಕೆಳಗೆ ಪಳಗಿದವರೆಲ್ಲ ಸರ್ಟಿಫಿಕೇಟ್ ಪಡೆದು ಹೋಗಿದ್ದರು. ಅವನ ಹತ್ತಿರ ಮಾತ್ರ ಇರಲಿಲ್ಲ.

ಹೊಸದಾಗಿ ಬಂದ ಪ್ರಿನ್ಸಿಪಾಲರು ಗುಡುಗಿದರು: "ನನ್ನ ಕೇಂದ್ರದಲ್ಲಿ ಸರ್ಟಿಫಿಕೇಟ್ ಇಲ್ಲದವರು ಕಲಿಸುವಂತಿಲ್ಲ. ತರಬೇತಿ ಪಡೆಯಿರಿ, ಇಲ್ಲವೇ ಮನೆಗೆ ಹೋಗಿ."

ಮೋನಪ್ಪ ಅಂದೇ ಅರ್ಜಿ ತುಂಬಿದ. ತನ್ನದೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತ.

ಮೂರು ದಿನ ಗರಗಸದ ಸದ್ದೇ ಇಲ್ಲ. ಪ್ರಿನ್ಸಿಪಾಲರು ಓಡಿ ಬಂದರು.

"ಪಾಠ ಯಾಕೆ ನಡೀತಿಲ್ಲ?"

ಮೋನಪ್ಪ ಬೆಂಚಿನಿಂದ ಎದ್ದು ನಿಂತ. "ನಾನೂ ಅದನ್ನ ಕೇಳಬೇಕಂತಿದ್ದೆ ನೋಡ್ರಿ. ಮೂರು ದಿನ ಆತು, ಮಾಸ್ತರ ಬಂದಿಲ್ರಿ."

ಮರುದಿನವೇ ಇನ್‌ಸ್ಪೆಕ್ಷನ್ ಇತ್ತು. ಪ್ರಿನ್ಸಿಪಾಲರು ಬೆವರುತ್ತ, ನಿಂತಲ್ಲೇ ಅವನ ಹೆಸರಿಗೆ ಸರ್ಟಿಫಿಕೇಟ್ ಬರೆದರು. 'ತರಬೇತಿ ನೀಡಿದವರು' ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಊರಲ್ಲಿ ಬೇರೆ ಯಾರಿದ್ದಾರೆ? ಅಲ್ಲೂ ಮೋನಪ್ಪನ ಹೆಸರನ್ನೇ ಬರೆದರು.

ಮೋನಪ್ಪ ಪೂರ್ತಿ ಓದಿದ. ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟ.

"ಇದು ನಡೆಯಂಗಿಲ್ರಿ ಸಾಹೇಬ್ರ."

"ಇನ್ನೇನಯ್ಯಾ?"

"ಕಲಿಸಿದ ಮಾಸ್ತರ ಹತ್ರನ ಸರ್ಟಿಫಿಕೇಟ್ ಇಲ್ಲಲ್ರಿ."