ಮೆಮೊರಿ ಕಾರ್ಡಿನ ಅನುಮಾನ

ಆಸ್ಪತ್ರೆಯೊಂದರಲ್ಲಿ ಲಸಿಕೆ ಇಡುವ ಫ್ರಿಜ್ಜಿನೊಳಗೆ ಒಂದು ಥರ್ಮಾಮೀಟರು, ಒಂದು ಮೆಮೊರಿ ಕಾರ್ಡು ಜೊತೆಯಾಗಿದ್ದವು. ಥರ್ಮಾಮೀಟರು ತಂಪನ್ನು ಅಳೆದು ಬರೆಯುವುದು, ಕಾರ್ಡು ಅದನ್ನು ಕಾಪಾಡುವುದು. ಆ ದಾಖಲೆ ಕೆಟ್ಟರೆ ಲಸಿಕೆಯನ್ನೆಲ್ಲ ಚೆಲ್ಲಬೇಕಿತ್ತು.

"ಅಜ್ಜಿ, ಹಳೆಯದರ ಮೇಲೇ ಹೊಸದನ್ನು ಬರೆದುಬಿಡುತ್ತೇನೆ, ಬೇಗ ಮುಗಿಯುತ್ತದೆ" ಎಂದಿತು ಥರ್ಮಾಮೀಟರು ಕಾರ್ಡಿಗೆ.

"ಬೇಡಪ್ಪ, ಪಕ್ಕದಲ್ಲಿ ಬರೆ. ಹೆಪ್ಪಿಟ್ಟ ಹಾಲು ಮೊಸರಾಗುವ ಮೊದಲೇ ಹಳೆಯ ಮೊಸರಿನ ಕುಡಿಕೆ ತೊಳೆಯುತ್ತಾರೆಯೇ?"

"ನನ್ನ ಮೇಲೆ ಅಷ್ಟೊಂದು ಅನುಮಾನವೇ?"

"ನಿನ್ನ ಮೇಲೂ ಇದೆ, ಕರೆಂಟಿನ ಮೇಲೆ ಇನ್ನೂ ಹೆಚ್ಚು. ಅದು ಎಂದಾದರೂ ಹೇಳಿ ಹೋಗಿದೆಯೇ?"

ಥರ್ಮಾಮೀಟರು ಗೊಣಗುತ್ತಲೇ ಪಕ್ಕದಲ್ಲಿ ಬರೆಯತೊಡಗಿತು. ಅರ್ಧ ಬರೆಯುವಷ್ಟರಲ್ಲಿ ಕರೆಂಟು ಹೋಯಿತು.

ತುಸು ಹೊತ್ತಿಗೆ ಕರೆಂಟು ಬಂದಾಗ ಥರ್ಮಾಮೀಟರು ಬೇಡಿಕೊಂಡಿತು: "ಅರ್ಧವಾದರೂ ಬರೆದಿದ್ದೇನಲ್ಲ ಅಜ್ಜಿ, ಇಟ್ಟುಕೊಳ್ಳಿ."

"ಇದನ್ನು ಹಳೆಯದರ ಜೊತೆ ಸೇರಿಸಿದರೆ, ನಾಳೆ ಯಾವುದು ನಿಜವೆಂದು ನನಗೇ ತಿಳಿಯದು" ಎಂದು ಕಾರ್ಡು ಅದನ್ನು ಅಳಿಸಿಹಾಕಿತು. "ಈಗ ಮತ್ತೆ ಅಳೆದು ಪೂರ್ತಿ ಬರೆ."

ಥರ್ಮಾಮೀಟರು ಬರೆಯಿತು. ನರ್ಸ್ ರುದ್ರಾಂಬ ಬಂದು ದಾಖಲೆ ತೆರೆದು ನೋಡಿದರು. ಹಳೆಯದೆಲ್ಲ ಹಾಗೇ ಇತ್ತು, ತಂಪೂ ಸರಿಯಾಗಿತ್ತು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ತಾಯಿಗೆ ಅವರು ಕೂಗಿದರು: "ಮಗೂನ ಒಳಗೆ ಕರ್ಕೊಂಡು ಬಾಮ್ಮ."