ಹೊನ್ನಲದೇವಿಯ ಮೂರನೆಯ ಒಗಟು

“ಕೇಳಿರಪ್ಪಾ ಕೇಳಿ! ರಾಜಕುಮಾರಿ ಹೊನ್ನಲದೇವಿಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನೇ ಧಾರೆಯೆರೆದು ಕೊಡಲಾಗುವುದು. ಜೊತೆಗೆ ಬೇಡಿದ್ದೊಂದು ವರ. ತಪ್ಪಿದವನಿಗೆ ತಲೆದಂಡ!”

ಕೆಂದಾವರೆಪುರದ ಬೀದಿಗಳಲ್ಲಿ ಡಂಗುರ ಹೀಗೆ ಸಾರಿತು. ಹೊನ್ನಲದೇವಿಯ ಇಬ್ಬರು ಪುಟ್ಟ ತಮ್ಮಂದಿರು ಹೊಟ್ಟೆಬೇನೆಯಿಂದ ತೀರಿಹೋಗಿದ್ದರು. ಊರಿನ ಮಕ್ಕಳೂ ಹಾಗೆಯೇ ಸಾಯುತ್ತಿದ್ದವು. ಅವುಗಳನ್ನು ಉಳಿಸಬಲ್ಲವನೇ ತನ್ನ ಗಂಡನಾಗಬೇಕೆಂದು ಅವಳು ಹಟ ಹಿಡಿದಿದ್ದಳು.

ಮೊದಲೆರಡು ಒಗಟನ್ನು ಅವಳು ತುಂಬಿದ ಸಭೆಯಲ್ಲೇ ಒಡ್ಡಿದಳು. “ಹತ್ತು ಗುಡಿಸಲಿಗೆ ಹತ್ತು ಸೂರು. ಸೂರು ಬೆಳೆದಷ್ಟೂ ಅಡಿಯಲ್ಲಿ ಕಳ್ಳರು ಹೆಚ್ಚು. ಕತ್ತರಿಸಿದರೆ ಮನೆಯವರಿಗೆ ನೋವಿಲ್ಲ. ಏನದು? ಇನ್ನೊಂದು. ಶತ್ರು ಕಣ್ಣಿಗೆ ಕಾಣನು, ಅವನಿಗೆ ಕಾಲಿಲ್ಲ. ಆದರೂ ಉಣ್ಣುವ ಹೊತ್ತಿಗೆ ನಾವೇ ಅವನನ್ನು ಹೊತ್ತು ಬಾಯಿಬಾಗಿಲು ದಾಟಿಸುತ್ತೇವೆ. ಯಾರವನು?”

ಒಬ್ಬ ರಾಜಕುಮಾರ “ಹತ್ತು ದಿಕ್ಕು” ಎಂದ. ಇನ್ನೊಬ್ಬ ಸೂರೆಂದರೆ ಕಿರೀಟ, ಶತ್ರುವೆಂದರೆ ವಿಷ ಎಂದ. ಇಬ್ಬರೂ ಸೆರೆಮನೆ ಸೇರಿದರು. ಅಮಾವಾಸ್ಯೆಗೆ ಅವರ ತಲೆ ಉರುಳುವುದಿತ್ತು.

ಅದೇ ಊರಿನಲ್ಲಿ ಕಂಬಳಿ ನೇಯುವ ಮೈಲಾರನೆಂಬ ಯುವಕನಿದ್ದ. ತಾಯಿ ತಂದೆ ಇಲ್ಲದ ಮೂವರು ತಂಗಿಯರನ್ನು ಅವನೇ ಸಾಕುತ್ತಿದ್ದ. ಪಕ್ಕದಲ್ಲೇ ಅವನ ದೊಡ್ಡಪ್ಪನ ಮಗ ದುಗ್ಗಪ್ಪನ ದೊಡ್ಡ ಮನೆ. ದುಗ್ಗಪ್ಪನಿಗೆ ಹೊಲವಿತ್ತು, ಹಸುಗಳಿದ್ದವು. ಆದರೆ ಹಾದಿಯಲ್ಲಿ ಹೋಗುವವರೆಲ್ಲ, “ತಬ್ಬಲಿ ಮಕ್ಕಳಾದರೂ ಎಷ್ಟು ಲಕ್ಷಣವಾಗಿವೆ! ಮೈಲಾರ ಬಂಗಾರದಂಥವನು” ಎನ್ನುವರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ದುಗ್ಗಪ್ಪನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಒಂದು ಬೆಳಗ್ಗೆ ಮೈಲಾರ ಬಾವಿಕಟ್ಟೆಯಲ್ಲಿ ಕಿರಿಯವಳಾದ ಚೌಡಿಯ ಉಗುರು ತೆಗೆಯುತ್ತಿದ್ದ.

“ಅಣ್ಣಾ, ಆ ಒಗಟಿನ ಸೂರು ಯಾವ್ದು?”

“ಇದೇ ಕಣವ್ವ, ನಿನ್ನ ಉಗುರು. ಅಡಿಯಲ್ಲಿರೋ ಕೊಳೆಯೇ ಕಳ್ಳ. ಕೈ ತೊಳೀದೆ ಉಂಡ್ರೆ ಆ ಕೊಳೆಯೇ ಶತ್ರು, ಹೊಟ್ಟೆಗೆ ಇಳೀತದೆ.”

“ಹಾಗಾದ್ರೆ ಹೋಗಿ ಹೇಳು!”

“ನನ್ನ ತಲೆ ಹೋದ್ರೆ ನಿಮ್ಮನ್ನ ಮೀಯಿಸೋರ್ಯಾರು?” ಎಂದು ಮೈಲಾರ ನಕ್ಕ.

ಗೋಡೆಯ ಆಚೆ ನಿಂತಿದ್ದ ದುಗ್ಗಪ್ಪ ಎಲ್ಲ ಕೇಳಿಸಿಕೊಂಡ. ‘ಇದೂ ಇವನಿಗೇ ತಿಳಿಯಬೇಕೆ?’ ಎಂದು ಹಲ್ಲು ಕಡಿದ. ಜರಿಯ ಪೇಟ ಸುತ್ತಿಕೊಂಡು ಅರಮನೆಗೆ ಓಡಿದ. ಎರಡು ಉತ್ತರ ಹೇಳಿದಾಗ ಸಭೆ ಭಲೇ ಎಂದಿತು. ಕದ್ದದ್ದೆಂದು ಗೊತ್ತಿದ್ದರೂ ಅವನ ಎದೆ ಉಬ್ಬಿತು.

ಹೊನ್ನಲದೇವಿ ಮೂರನೆಯದನ್ನು ಒಡ್ಡಿದಳು: “ಬೈದು ಕೊಟ್ಟರೆ ಮಗು ನೀವು ಬೆನ್ನು ತಿರುಗಿಸಿದೊಡನೆ ಬಿಟ್ಟೋಡುತ್ತದೆ. ಹೊಡೆದು ಕೊಟ್ಟರೆ ಎಸೆಯುತ್ತದೆ. ನಿಮ್ಮಲ್ಲಿದ್ದರೆ ಮಾತ್ರ, ಕೊಡದಿದ್ದರೂ ತಾನೇ ತೆಗೆದುಕೊಳ್ಳುತ್ತದೆ. ಏನದು?”

ದುಗ್ಗಪ್ಪ ಬೆವೆತ. “ಬೆಲ್ಲ” ಎಂದ.

ಅವನನ್ನೂ ಸೆರೆಗೆ ತಳ್ಳಿದರು.

ಸುದ್ದಿ ಕೇಳಿ ಮೈಲಾರ ತಳಮಳಿಸಿದ. ಎಷ್ಟಾದರೂ ಅಣ್ಣ. ತಂಗಿಯರನ್ನು ಬಿಡಲು ಬೇರೆ ಮನೆಯಿಲ್ಲ, ಅವರನ್ನೂ ಕರೆದುಕೊಂಡೇ ಅರಮನೆಗೆ ಹೋಗಿ, ಅಣ್ಣನ ಜೀವ ಉಳಿಸಿರೆಂದು ರಾಜನ ಕಾಲಿಗೆ ಬಿದ್ದ.

“ಒಗಟು ಬಿಡಿಸಿದವನಿಗೆ ಮಾತ್ರ ವರ ಕೇಳುವ ಹಕ್ಕು” ಎಂದ ರಾಜ ಬೊಮ್ಮರಸ.

ಮಕ್ಕಳ ಬಾಡಿದ ಮುಖ ನೋಡಿ ಹೊನ್ನಲದೇವಿ ಹಣ್ಣು ತರಿಸಿದಳು. ಮೈಲಾರ ರೂಢಿಯಂತೆ ಮೂಲೆಯ ಹಂಡೆಯತ್ತ ನಡೆದು ಕೈ ತೊಳೆದ. ಹಿಂದೆಯೇ ಮೂವರೂ ಸಾಲಾಗಿ ಬಂದು ಕೈಯೊಡ್ಡಿದರು. ಯಾರೂ ಹೇಳಿರಲಿಲ್ಲ. ರಾಜಕುಮಾರಿ ಕಣ್ಣು ಮಿಟುಕಿಸದೆ ನೋಡಿದಳು, ಆಮೇಲೆ ಮೂರು ಒಗಟನ್ನೂ ಕೇಳಿದಳು.

“ತಾಯಿ, ಮೊದಲನೆಯದು ಉಗುರು, ಎರಡನೆಯದು ಕೈಯ ಕೊಳೆ” ಎಂದ ಮೈಲಾರ. ಮೂರನೆಯದಕ್ಕೆ ತಡೆದು ನಿಂತ. ಅಷ್ಟರಲ್ಲಿ ಚೌಡಿ ಅವನು ಮಾಡಿದಂತೆಯೇ ಒದ್ದೆ ಕೈಯನ್ನು ಲಂಗಕ್ಕೆ ಒರೆಸದೆ ಕೊಡವಿಕೊಂಡಳು. ಅದನ್ನು ಕಂಡು ಮೈಲಾರನಿಗೆ ಉತ್ತರ ಹೊಳೆಯಿತು.

“ಒಳ್ಳೆಯ ಅಭ್ಯಾಸ. ಅದನ್ನ ಬೈದು ಕೊಡಲಿಕ್ಕಾಗಲ್ಲ. ದೊಡ್ಡವರು ಮಾಡಿದ್ದನ್ನ ಮಕ್ಕಳು ನೋಡಿ ಕಲೀತಾವೆ.”

ಹೊನ್ನಲದೇವಿಯ ಕಣ್ಣು ತುಂಬಿತು. “ನನ್ನ ತಮ್ಮಂದಿರಿಗೆ ನಾವು ಬರೀ ಹೇಳುತ್ತಿದ್ದೆವು, ಮಾಡಿ ತೋರಿಸಲಿಲ್ಲ” ಎಂದಳು.

ಮೈಲಾರ ಬೇಡಿದ ವರ ಸೆರೆಯಲ್ಲಿದ್ದ ಎಲ್ಲರ ತಲೆ ಉಳಿಯಬೇಕೆಂಬುದು. ರಾಜ ಒಪ್ಪಿದ.

ಮದುವೆ ನಡೆಯಿತು. ಮನೆಮನೆಯ ದೊಡ್ಡವರೂ ಮಕ್ಕಳ ಎದುರೇ ಕೈ ತೊಳೆದು ಉಣ್ಣತೊಡಗಿದರು, ಊರಿನ ಹೊಟ್ಟೆಬೇನೆ ಇಳಿಯಿತು. ದುಗ್ಗಪ್ಪನಿಗೆ ಮಾತ್ರ ಜೀವ ಉಳಿದ ಸಂತೋಷಕ್ಕಿಂತ ಉಳಿಸಿದವನು ಮೈಲಾರ ಎಂಬ ಉರಿಯೇ ಹೆಚ್ಚಾಗಿತ್ತು. ಮದುವೆಯೂಟಕ್ಕೆ ಕೈ ತೊಳೆಯದೆ ಹಾಗೇ ಕೂರಲು ಹೊರಟವನ ಎದುರು ಚೌಡಿ ತಂಬಿಗೆ ಹಿಡಿದು ನಿಂತಳು.

“ದೊಡ್ಡಣ್ಣ, ಕೈ ನೀಡು.”

ಅವನ ಉರಿ ಆರಿರಲಿಲ್ಲ. ಆದರೂ ಕೈ ನೀಡಿದ.