ಒಣಗಿದ ಚೀಲಕ್ಕೆ ಮುದ್ರೆ

"ಅಮ್ಮಾ, ಇನ್ನೆಷ್ಟು ನಿಯಮ ಬರೆಯಬೇಕು?" ಎಂದು ಕೇತಯ್ಯ ಕೇಳಿದ.

ಅವನು ದಂಡಿನ ಉಗ್ರಾಣದ ಅಧಿಕಾರಿ. ಸೇನೆಗೆ ಸಾಮಾನು ಒದಗಿಸುವವರು ನಡೆದುಕೊಳ್ಳಬೇಕಾದ ನಿಯಮಗಳನ್ನೆಲ್ಲ ಬರೆದವನು ಅವನೇ. ಆ ಓಲೆಗರಿಗಳ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡೇ ಗುರುಮಾತೆಯ ಬಳಿಗೆ ಬಂದಿದ್ದ.

"ಒಂದು ತಪ್ಪು ಕಂಡರೆ ಒಂದು ನಿಯಮ ಬರೆಯುತ್ತೇನೆ. ಅದನ್ನು ಪಾಲಿಸಿಕೊಂಡೇ ಇನ್ನೊಂದು ತಪ್ಪು ಮಾಡುತ್ತಾರೆ. ಬರೆದು ಬರೆದು ಬೆರಳು ಬಾತುಹೋಗಿದೆ. ನಾಳಿದ್ದು ದಂಡು ಹೊರಡುತ್ತದೆ. ಏನಾದರೂ ಹೆಚ್ಚುಕಡಿಮೆಯಾದರೆ ನನ್ನ ತಲೆ ಹೋಗುತ್ತದೆ."

ಗುರುಮಾತೆ ನಾಲ್ಕು ದಿಕ್ಕು ಸುತ್ತಿ ಬಂದವಳು. ಎಷ್ಟೋ ಊರುಗಳ ಕಚೇರಿ ಬಾಗಿಲಲ್ಲಿ ಕಾದು ಕೂತವಳು.

"ಕೂತುಕೋ. ಕತೆ ಕೇಳುವುದಕ್ಕೆ ನಿಯಮವೇನೂ ಇಲ್ಲ," ಎಂದು ಹೇಳತೊಡಗಿದಳು.

ಒಂದು ರಾಜ್ಯದಲ್ಲಿ ತೊಗಲಿನ ಕೆಲಸದವಳೊಬ್ಬಳಿದ್ದಳು. ದಂಡಿಗೆ ನೀರಿನ ಚೀಲ ಹೊಲಿದುಕೊಡುವುದು ಅವಳ ಕಸುಬು. ಅವಳ ತಮ್ಮ ಅದೇ ದಂಡಿನಲ್ಲಿ ಕಾಲಾಳು. ಆ ವರ್ಷ ಅವನ ತುಕಡಿ ನಾಲ್ಕು ದಿನ ನೀರೇ ಸಿಗದ ಮರಳು ಬಯಲನ್ನು ದಾಟಬೇಕಿತ್ತು.

ಒಣಗಿದ ತೊಗಲಿನ ಚೀಲಕ್ಕೆ ನೀರು ತುಂಬಿದರೆ ಹೊಲಿಗೆಯಲ್ಲಿ ಸೋರುತ್ತದೆ. ಮೂರು ದಿನ ತುಂಬಿಟ್ಟರೆ ದಾರ ಉಬ್ಬಿ ತೂತುಗಳೆಲ್ಲ ಮುಚ್ಚಿಕೊಳ್ಳುತ್ತವೆ. ಆಮೇಲೆ ಹನಿ ಬೀಳುವುದಿಲ್ಲ. ಅವಳು ಹಾಗೆ ನೆನೆಸಿದ ಚೀಲಗಳನ್ನು ಗಾಡಿಗೆ ಹೇರಿಕೊಂಡು ಉಗ್ರಾಣಕ್ಕೆ ಹೋದಳು.

ಅಲ್ಲಿಯ ಪಾರುಪತ್ಯಗಾರ ಚೀಲ ಮುಟ್ಟಿ ಕೈ ಒರೆಸಿಕೊಂಡ. "ಒದ್ದೆ ಇದೆಯಲ್ಲಮ್ಮ! ಒದ್ದೆ ಸಾಮಾನು ಒಳಗೆ ಬರಕೂಡದು, ನಿಯಮವಿದೆ."

ಹಿಂದೊಮ್ಮೆ ಒದ್ದೆ ಮೂಟೆಗಳು ಬಂದು ಉಗ್ರಾಣದ ರಾಗಿಯೆಲ್ಲ ಮುಗ್ಗಿಹೋಗಿತ್ತು. ನಿಯಮ ತಪ್ಪಿರಲಿಲ್ಲ.

ಅವಳು ಚೀಲಗಳನ್ನು ಒಣಗಿಸಿ ಮತ್ತೆ ತಂದಳು. ಪಾರುಪತ್ಯಗಾರ ಒಂದಕ್ಕೆ ನೀರು ಹುಯ್ಯಿಸಿದ. ಸೋರಿತು. ಸೋರುವ ಚೀಲಕ್ಕೆ ಮುದ್ರೆ ಒತ್ತಕೂಡದು ಎಂಬ ನಿಯಮವೂ ಇತ್ತು. ಅದೂ ತಪ್ಪಿರಲಿಲ್ಲ.

"ಬುದ್ಧೀ, ನೆನೆಸಿ ತಂದರೆ ಒದ್ದೆ ಅಂತೀರಿ. ಒಣಗಿಸಿ ತಂದರೆ ಸೋರುತ್ತೆ ಅಂತೀರಿ. ನೀರನ್ನೇ ಒಣಗಿಸಿ ತರಲಾ?"

"ಬೇರೆಯವರು ತಂದಿಲ್ಲವೇ? ಅಲ್ಲಿ ನೋಡು. ಒಣಗಿಯೂ ಇವೆ, ಸೋರುವುದೂ ಇಲ್ಲ."

ಅವಳು ಒಂದು ಚೀಲದ ಬಾಯಿ ಬಿಡಿಸಿ ಒಳಗೆ ಬೆರಳಾಡಿಸಿದಳು. "ಮೇಣ ಬಳಿದಿದ್ದಾರೆ. ಆ ಬಯಲಿನ ಬಿಸಿಲಿಗೆ ಇದು ಕರಗಿಹೋಗುತ್ತೆ. ನನ್ನ ಚೀಲಕ್ಕೆ ಮೂರು ದಿನ ಇಲ್ಲೇ ಅಂಗಳದಲ್ಲಿ ನೀರು ತುಂಬಿಡಿ, ನಾನೇ ಕಾದಿರ್ತೀನಿ. ಆಮೇಲೂ ಸೋರಿದರೆ ನನ್ನ ತೊಗಲು ಸುಲಿಸಿ, ಅದರಲ್ಲೇ ಚೀಲ ಹೊಲಿಸಿಕೊಳ್ಳಿ."

"ಹೊರಗಿನವರು ಅಂಗಳದಲ್ಲಿ ಉಳಿಯಕೂಡದು," ಎಂದ ಪಾರುಪತ್ಯಗಾರ. ಅವನಿಗೂ ಸಾಕುಸಾಕಾಗಿತ್ತು. "ನಾನೇನು ಮಾಡಲಿ ತಾಯಿ? ನಿಯಮ ಬರೆದವನು ನಾನಲ್ಲ."

ಅವಳು ಗಾಡಿ ತಿರುಗಿಸಿದಳು. ಮೇಣ ಬಳಿಯಲು ಅವಳಿಗೂ ಬರುತ್ತಿತ್ತು. ಬಳಿದಿದ್ದರೆ ಅಂದೇ ಮುದ್ರೆ ಬೀಳುತ್ತಿತ್ತು. ಆದರೆ ತಮ್ಮನ ಮುಖ ನೆನಪಾಗಿ ಕೈ ಏಳಲಿಲ್ಲ.

ದಂಡು ಹೊರಟ ದಿನ ಅವಳು ಚೆನ್ನಾಗಿ ನೆನೆಸಿದ ಒಂದೇ ಒಂದು ಚೀಲವನ್ನು ತಂದು ತಮ್ಮನ ಹೆಗಲಿಗೆ ಹಾಕಿದಳು. ಕೋಟೆ ಬಾಗಿಲಲ್ಲಿ ಕಾವಲಿನವನು ಅದನ್ನು ಕಿತ್ತಿಟ್ಟುಕೊಂಡ. ಮುದ್ರೆಯಿಲ್ಲದ ಸಾಮಾನನ್ನು ಯಾರೂ ಒಯ್ಯಕೂಡದು. ಅಕ್ಕ ಬೈದಳು, ಬೇಡಿದಳು, ನೆಲಕ್ಕೆ ಕುಕ್ಕರಿಸಿದಳು.

"ಬಿಡಕ್ಕಾ, ಎಲ್ಲರಿಗೂ ಆದದ್ದು ನನಗೂ ಆಗುತ್ತೆ," ಎಂದು ತಮ್ಮ ನಕ್ಕು, ಮುದ್ರೆ ಬಿದ್ದ ಚೀಲ ಹೊತ್ತು ನಡೆದ.

ಎರಡನೆಯ ದಿನ ಮೇಣ ಕರಗಿತು. ನೀರೆಲ್ಲ ಮರಳಿನ ಪಾಲಾಯಿತು. ಅರವತ್ತು ಜನ ಹೋಗಿದ್ದರು, ಒಂಬತ್ತು ಜನ ತಿರುಗಿ ಬಂದರು. ಅವರಲ್ಲಿ ತಮ್ಮನಿರಲಿಲ್ಲ.

ವಿಚಾರಣೆ ನಡೆಯಿತು. ಪ್ರತಿ ಚೀಲದ ಮೇಲೂ ಮುದ್ರೆಯಿತ್ತು. ಪಾರುಪತ್ಯಗಾರ ನಿಯಮಗಳನ್ನು ಒಂದೊಂದಾಗಿ ಓದಿದ. ಯಾವುದನ್ನೂ ಯಾರೂ ಮೀರಿರಲಿಲ್ಲ. ಯಾರದೂ ತಪ್ಪಿಲ್ಲ ಎಂದು ತೀರ್ಪಾಯಿತು.

ಗುರುಮಾತೆ ಕತೆ ನಿಲ್ಲಿಸಿದಳು. ಕೇತಯ್ಯನ ಕಣ್ಣು ಒದ್ದೆಯಾಗಿತ್ತು. ಆದರೂ ಅವನು ತಡೆಯಲಾರದೆ ತೊಡೆ ತಟ್ಟಿದ.

"ಅಯ್ಯೋ, ಮೇಣ ಬಳಿಯಕೂಡದು ಅಂತ ಒಂದು ಸಾಲು ಇದ್ದಿದ್ದರೆ ಸಾಕಿತ್ತಲ್ಲಮ್ಮ! ನನ್ನ ಕಟ್ಟಿನಲ್ಲೂ ಅದಿಲ್ಲ. ಇರಿ, ಈಗಲೇ ಸೇರಿಸಿಬಿಡುತ್ತೇನೆ."

ಅವನು ಕಟ್ಟು ಬಿಚ್ಚಿ ಖಾಲಿ ಗರಿ ಹುಡುಕತೊಡಗಿದ. ಗುರುಮಾತೆ ಹಣೆ ಚಚ್ಚಿಕೊಂಡಳು.

"ಬರೆಯುವುದು ಆಮೇಲಿರಲಿ ಕೇತಯ್ಯ, ಅಷ್ಟೂ ಗರಿಗಳಲ್ಲಿ ಬಾಯಾರಿಕೆ ಎಂಬ ಮಾತು ಯಾವುದರಲ್ಲಿ ಬಂದಿದೆಯೋ, ಅದೊಂದನ್ನು ಓದು."